ಎಂಟನೆಯ ಬೆಕ್ಕು

ಮನೆಯಿಂದ
ಭಾನುವಾರ, ಮಾರ್ಚ್ ೮

ಪ್ರೀತಿಯ ಅತ್ತೆಗೆ,

ಈ ಕಾಗದವನ್ನು ಇದಕ್ಕೆ ಮೊದಲು ಎರಡು ಸಲ ಬರೆದು ಮುಗಿಸಿದ್ದೆ. ಎರಡು ಸಲವೂ ಒಂದು ವಿಷಯವನ್ನು ಬಿಟ್ಟು ಬರೆದಿದ್ದೆ. ಬಿಟ್ಟರೂ ಕಾಗದ ಓದುವುದಕ್ಕೆ ಚೆನ್ನಾಗಿಯೇ ಇತ್ತು, ಎಲ್ಲೂ ಏನೂ ಕಡಿಮೆಯಾದಂತೆ ಕಾಣುತ್ತಿರಲಿಲ್ಲ. ಅದೇ ನನಗೆ ಸರಿಬೀಳಲಿಲ್ಲ. ಹಾಗಾಗಿ ಮೊದಲೇ ಹೇಳಿಬಿಡುತ್ತೇನೆ. ಪಟ್ಟೆ ಬೆಕ್ಕಿಗೆ ನಾಲ್ಕು ಮರಿಯಾಗಿವೆ, ನಾಲ್ಕೂ ಚೆನ್ನಾಗಿವೆ ಎಂದು ಫೆಬ್ರವರಿಯಲ್ಲಿ ನಾನು ನಿಮಗೆ ಬರೆದದ್ದು ಸುಳ್ಳು. ಏನಾಯಿತು ಎಂಬುದನ್ನು ಮುಂದೆ ಬರೆದಿದ್ದೇನೆ. ಅದರಲ್ಲೂ ನಾನು ನುಂಗಿಕೊಳ್ಳಲು ಹೊರಟಿದ್ದು ಎರಡು ನಿಮಿಷದ ಒಂದು ಮಾತುಕತೆಯನ್ನು. ಅದು ಬಂದಾಗ ಹೇಳುತ್ತೇನೆ.

ಸೊಂಟದ ನೋವು ಹೇಗಿದೆ? ಮಗ್ಗುಲು ಬದಲಾಯಿಸುವಾಗ ಈಗಲೂ ಹಲ್ಲು ಕಚ್ಚಿಕೊಳ್ಳುತ್ತೀರಾ? ಮೊನ್ನೆ ನಿಮ್ಮ ಮಗಳು ಫೋನ್ ಮಾಡಿದಾಗ, ಊಟ ಸೇರುತ್ತಿದೆ, ವಾಕರ್ ಹಿಡಿದು ಬಚ್ಚಲುಮನೆಯ ತನಕ ಹೋಗುತ್ತಾರೆ ಎಂದರು. ನಿದ್ದೆ ಬರುತ್ತದೆಯೇ ಎಂದು ಕೇಳಿದ್ದಕ್ಕೆ ಮಾತು ಬದಲಾಯಿಸಿದರು. ಬರುತ್ತಿಲ್ಲ ಎಂದು ಅರ್ಥ ಮಾಡಿಕೊಂಡೆ. ನಿಮ್ಮ ಕಿವಿಗೆ ಫೋನು ಹಿಡಿಸಿ ಇಲ್ಲಿಂದ ನಾನು ಕಿರುಚಿಕೊಳ್ಳುವುದಕ್ಕಿಂತ ಕಾಗದವೇ ಮೇಲು ಎಂದು ನೀವು ತೀರ್ಮಾನಿಸಿದ್ದು ಒಳ್ಳೆಯದಾಯಿತು. ಭೂತಕನ್ನಡಿ ಬೇಕಾಗದ ಹಾಗೆ ಅಕ್ಷರ ದೊಡ್ಡದಾಗಿ ಬರೆಯುತ್ತಿದ್ದೇನೆ. ಇಂಗ್ಲಿಷ್ ಶಾಲೆಯಲ್ಲಿ ಓದಿದವಳ ಕನ್ನಡ ಎಂದು ನೀವು ಕೆಂಪು ಪೆನ್ನಿನಲ್ಲಿ ತಿದ್ದಿ ವಾಪಸು ಕಳಿಸಿದ ನನ್ನ ಮೂರು ಕಾಗದಗಳೂ ಬೀರುವಿನಲ್ಲಿವೆ. ಇದನ್ನು ಮಾತ್ರ ತಿದ್ದುವ ಮೊದಲು ಒಂದು ಸಲ ಪೂರ್ತಿ ಓದಿ.

ಇಲ್ಲಿ ಎಲ್ಲರೂ ಇದ್ದೇವೆ. ನಿಮ್ಮ ಮಗನಿಗೆ ಈ ತಿಂಗಳು ಬಿಡುವೇ ಇಲ್ಲ, ಊರಿನ ಲಿಫ್ಟುಗಳೆಲ್ಲ ಮಾತಾಡಿಕೊಂಡು ಒಟ್ಟಿಗೆ ಕೆಟ್ಟಂತಿವೆ. ನಿಮ್ಮ ಮೊಮ್ಮಗಳು ಪರೀಕ್ಷೆಗೆ ಓದುತ್ತಿದ್ದಾಳೆ, ಅಂದರೆ ಪುಸ್ತಕವನ್ನು ಮಡಿಲಲ್ಲಿಟ್ಟುಕೊಂಡು ನಿಮ್ಮ ಹಾಸಿಗೆಯ ಮೇಲೆ ಮಲಗಿರುತ್ತಾಳೆ. ನಿಮ್ಮ ಕೋಣೆಯನ್ನು ದಿನಾ ಗುಡಿಸುತ್ತೇನೆ. ಕಿಟಕಿಯನ್ನು ನೀವು ಬಿಡುತ್ತಿದ್ದಷ್ಟೇ ತೆರೆದಿಡುತ್ತೇನೆ.

ನವೆಂಬರಿನಲ್ಲಿ ನಿಮ್ಮನ್ನು ನಿಮ್ಮ ಮಗಳ ಮನೆಗೆ ಕರೆದುಕೊಂಡು ಹೋಗುವ ದಿನ, ಕಾರಿನಲ್ಲಿ ಕಾಲು ನೀಡಿಸಿ ಕೂರಿಸಿದ ಮೇಲೂ ನೀವು ಒಂದು ಚೀಟಿ ಕೊಟ್ಟಿರಿ. ಬೆಳಿಗ್ಗೆ ಆರು, ಸಂಜೆ ಆರು. ಅನ್ನಕ್ಕೆ ಮೀನಿನ ತಲೆ ಬೇಯಿಸಿ ಕಲಸಬೇಕು. ಹಾಲು ಕೊಡಬಾರದು, ನೀರು ದಿನಾ ಬದಲಾಯಿಸಬೇಕು. ಒಟ್ಟು ಎಂಟು. ಚೀಟಿಯಲ್ಲಿ ಇದ್ದದ್ದು ಇಷ್ಟೇ. ನಾನು ಅದನ್ನು ಫ್ರಿಡ್ಜಿಗೆ ಅಂಟಿಸಿದೆ. ಬೆಕ್ಕು ಹತ್ತಿರ ಬಂದರೆ ನನಗೆ ಒಂದೇ ಸಮ ಸೀನು ಎಂದು ನಿಮಗೆ ಗೊತ್ತು. "ನಿನ್ನ ಸೀನು ಕೇಳಿಸಲ್ಲ ಅನ್ನೋದೊಂದೇ ನನ್ನ ಕಿವುಡಿನ ಲಾಭ" ಎಂದು ನಕ್ಕವರು ನೀವು. ಬೆಕ್ಕುಗಳ ಮೇಲೆ ನನಗೆ ಪ್ರೀತಿ ಇಲ್ಲ ಎಂಬುದೂ ನಿಮಗೆ ಗೊತ್ತು. ಆದರೂ ಚೀಟಿಯನ್ನು ಮಗನ ಕೈಗಾಗಲಿ ಮೊಮ್ಮಗಳ ಕೈಗಾಗಲಿ ಕೊಡದೆ ನನ್ನ ಕೈಗೇ ಕೊಟ್ಟಿರಿ. ನಾನು ಹೇಳಿದ ಕೆಲಸ ಮಾಡುವವಳು ಎಂದು ಕೊಟ್ಟಿರಬೇಕು. ಆ ನಂಬಿಕೆಯ ಬಗ್ಗೆ ನನಗೆ ಒಳಗೊಳಗೇ ಹೆಮ್ಮೆ ಇತ್ತು, ಅದನ್ನೂ ಹೇಳಬೇಕು.

ನೀವು ಹೋದ ತಿಂಗಳಿಗೇ ಕಟ್ಟಡದ ಸಂಘದಿಂದ ನೋಟೀಸು ಬಂತು. ಹನ್ನೆರಡು ಮನೆಯವರೂ ಮೆಟ್ಟಿಲ ಬಳಿ ಸೇರಿದೆವು. ಎರಡನೇ ಮಹಡಿಯ ಕಾರ್ಯದರ್ಶಿ ಗೋಣಿಚೀಲದ ಒಬ್ಬ ಮನುಷ್ಯನನ್ನು ಗೊತ್ತುಮಾಡಿಕೊಂಡೇ ಬಂದಿದ್ದರು. ಅವನು ಹಿಡಿದು, ಚೀಲಕ್ಕೆ ತುಂಬಿ, ಊರಾಚೆ ಇಟ್ಟಿಗೆ ಗೂಡುಗಳ ಹತ್ತಿರ ಬಿಟ್ಟು ಬರುತ್ತಾನಂತೆ. ಹಿತ್ತಲಿನ ಗಬ್ಬು, ಹೆಣ್ಣಿಗಾಗಿ ಗಂಡು ಬೆಕ್ಕುಗಳ ಅರಚಾಟ, ಆರು ತಿಂಗಳಿಗೊಮ್ಮೆ ಸ್ಕೂಟರ್ ಶೆಡ್ಡಿನಲ್ಲಿ ಮರಿ, ಎಲ್ಲರ ಬಾಯಲ್ಲೂ ಒಂದೊಂದು ದೂರಿತ್ತು. "ನಾನೇನು ರಾಕ್ಷಸ ಅಲ್ಲ ಮೇಡಂ. ನನ್ನ ಹೆಂಡತಿ ಹೂಕುಂಡದ ಮಣ್ಣಿಗೆ ಕೈ ಹಾಕಿದ್ರೆ ಏನು ಸಿಗುತ್ತೆ ಅಂತ ನೀವೊಂದು ಸಲ ಬಂದು ನೋಡಿ" ಎಂದರು ಕಾರ್ಯದರ್ಶಿ. ನಾನು ಹೋಗಿ ನೋಡಿದ್ದೆ, ಅವರು ಹೇಳಿದ್ದು ನಿಜವೇ. ನೀವು ಇದ್ದಾಗ ಈ ದೂರುಗಳೆಲ್ಲ ನಿಮ್ಮ ಮುಖ ನೋಡಿ ಬಾಯಿ ಮುಚ್ಚಿಕೊಂಡಿದ್ದವು. ನನ್ನ ಮುಖಕ್ಕೆ ಅಷ್ಟು ಬೆಲೆ ಇರಲಿಲ್ಲ. ಎರಡು ತಿಂಗಳು ಕೊಡಿ, ಬೆಕ್ಕುಗಳಿಗೆಲ್ಲ ಆಪರೇಷನ್ ಮಾಡಿಸಿ ಇಲ್ಲಿಗೇ ತಂದು ಬಿಡುತ್ತೇನೆ, ಆಗ ಅರಚಾಟವೂ ಇರುವುದಿಲ್ಲ, ಮರಿಗಳೂ ಆಗುವುದಿಲ್ಲ ಎಂದು ಕೇಳಿಕೊಂಡೆ. ಇವನ್ನು ಓಡಿಸಿದರೆ ಖಾಲಿಯಾದ ಜಾಗಕ್ಕೆ ಬೇರೆ ಬೆಕ್ಕುಗಳು ಬಂದೇ ಬರುತ್ತವೆ ಎಂದೆ. ಇದು ನಾನು ಎಲ್ಲೋ ಓದಿದ್ದು, ಆದರೆ ಕಂಡವಳ ಹಾಗೆ ಹೇಳಿದೆ. ಒಪ್ಪಿದರು. ದಯೆಯಿಂದ ಕೇಳಿದೆನೆಂದು ಈಗಲೂ ಹೇಳಲಾರೆ. ಎಂಟು ಬೆಕ್ಕುಗಳೂ ಇಟ್ಟಿಗೆ ಗೂಡಿನ ಪಾಲಾದವು ಎಂದು ನಿಮಗೆ ಕಾಗದ ಬರೆಯುವುದನ್ನು ನೆನೆದು ಕೇಳಿದೆ.

ಆಪರೇಷನ್ ವಿಷಯ ನಿಮಗೆ ತಿಳಿಸಲಿಲ್ಲ. "ಅಮ್ಮನಿಗೆ ಈಗ್ಯಾಕೆ, ಮೊದಲೇ ನೋವಲ್ಲಿದ್ದಾರೆ" ಎಂದರು ನಿಮ್ಮ ಮಗ. ಅವರ ಮಾತನ್ನು ನಾನು ಆಸರೆಯಾಗಿ ಹಿಡಿದುಕೊಂಡೆ ಅಷ್ಟೆ. ನನಗೆ ಬೇರೆ ಕಾರಣವಿತ್ತು. ಐದಾರು ವರ್ಷದ ಹಿಂದೆ ಇದೇ ಮಾತನ್ನು ನಾನೊಮ್ಮೆ ಎತ್ತಿದ್ದೆ, ನೆನಪಿದೆಯಾ? ನೀವು ಅಡುಗೆಮನೆಯ ಮೇಜಿನ ಮುಂದೆ ಬಟಾಣಿ ಬಿಡಿಸುತ್ತ ಕೂತಿದ್ದಿರಿ. ಎರಡನೇ ಹೆರಿಗೆಯಾದಾಗ ಆಸ್ಪತ್ರೆಯಲ್ಲಿ ಮಾವನ ಸಹಿ ತೆಗೆದುಕೊಂಡು ನಿಮಗೂ ಆಪರೇಷನ್ ಮಾಡಿದ್ದರೆಂದು ಅವತ್ತು ಹೇಳಿದಿರಿ. "ನನ್ನನ್ನ ಯಾರೂ ಕೇಳಲಿಲ್ಲ. ಎಚ್ಚರ ಆದಾಗ ಮುಗಿದಿತ್ತು. ಈ ಬೆಕ್ಕುಗಳ ತಂಟೆಗೆ ಹೋಗಬೇಡ" ಎಂದಿರಿ. ಬಟಾಣಿ ಬಿಡಿಸುವ ಕೈ ನಿಲ್ಲಲಿಲ್ಲ. ನಾನು ಟೀ ಮಾಡಲಾ ಎಂದು ಕೇಳಿದೆ. ಅವತ್ತಿನಿಂದ ನಾವಿಬ್ಬರೂ ಆ ಮಾತು ಎತ್ತಿಲ್ಲ. ಇಷ್ಟು ಗೊತ್ತಿದ್ದೂ, ನೀವು ಇಲ್ಲದ ಹೊತ್ತು ನೋಡಿ, ನಿಮ್ಮ ಮಗನ ಸಹಿ ಹಾಕಿಸಿ, ನಾನು ಆ ಕೆಲಸಕ್ಕೆ ಕೈ ಹಾಕಿದೆ. ಚೀಲದವನಿಗಿಂತ ಇದು ಎಷ್ಟೋ ಮೇಲು ಎಂದು ಆಗಲೂ ಅಂದುಕೊಂಡೆ, ಈಗಲೂ ಅಂದುಕೊಳ್ಳುತ್ತೇನೆ. ಆದರೆ ನಿಮ್ಮನ್ನು ಕೇಳದೇ ಇರುವುದಕ್ಕೆ ಅದು ಕಾರಣವಾಗುವುದಿಲ್ಲ.

ಮೂರು ಬೀದಿಯಾಚೆ ಒಬ್ಬ ನಿವೃತ್ತ ಟೈಪಿಂಗ್ ಟೀಚರ್ ಇದ್ದಾರೆ. ಬೆಕ್ಕು ಹಿಡಿಯುವ ಕಬ್ಬಿಣದ ಬೋನುಗಳನ್ನು ಇಟ್ಟುಕೊಂಡು ಕೇಳಿದವರಿಗೆ ಕೊಡುತ್ತಾರೆ. ನಮ್ಮ ವಾಚ್‌ಮನ್ ಅವರಿಗೆ ಬೋನಮ್ಮ ಎಂದು ಹೆಸರಿಟ್ಟಿದ್ದಾನೆ, ಅವರಿಗೂ ಅದು ಗೊತ್ತು. ನನಗೆ ಬೆಕ್ಕು ಕಂಡರೆ ಅಷ್ಟಕ್ಕಷ್ಟೇ ಎಂದು ಮೊದಲೇ ಹೇಳಿಕೊಂಡೆ. "ಬೆಕ್ಕನ್ನ ಮುದ್ದು ಮಾಡೋರು ಬೇಡ ನಂಗೆ, ಹೇಳಿದ ಹಾಗೆ ಕೇಳೋರು ಬೇಕು" ಎಂದರು. ಹಿಡಿಯುವ ಹಿಂದಿನ ದಿನ ಊಟ ಹಾಕಬಾರದು. ಬೋನಿನ ತಳಕ್ಕೆ ಪೇಪರು ಹಾಸಬೇಕು. ಬಾಗಿಲು ಬಿದ್ದ ಕೂಡಲೇ ಮೇಲೆ ಬೆಡ್‌ಶೀಟ್ ಹೊದಿಸಬೇಕು, ಕತ್ತಲಾದರೆ ಸುಮ್ಮನಾಗುತ್ತವೆ. ಎಲ್ಲಕ್ಕಿಂತ ಮುಖ್ಯವಾದದ್ದನ್ನು ಎರಡು ಸಲ ಹೇಳಿದರು. ಮರಿಗೆ ಹಾಲು ಕುಡಿಸುತ್ತಿರುವ ತಾಯಿಯನ್ನು ಹಿಡಿಯಬಾರದು, ಹಿಡಿದರೂ ತಕ್ಷಣ ಬಿಡಬೇಕು, ಮರಿಗಳು ತಾವೇ ತಿನ್ನುವ ತನಕ ಕಾಯಬೇಕು. ನಾನು ಎಲ್ಲವನ್ನೂ ಬರೆದುಕೊಂಡೆ. ಒಂದು ವಾರ ಕೂತು ಬೆಕ್ಕುಗಳ ಪಟ್ಟಿ ಮಾಡಿದೆ. ಬಣ್ಣ, ಗಂಡೋ ಹೆಣ್ಣೋ, ಬೆಳಿಗ್ಗೆ ಬರುತ್ತದೋ ಸಂಜೆಯೋ, ಎಲ್ಲಕ್ಕೂ ಒಂದೊಂದು ಮನೆ ಎಳೆದು ತುಂಬಿದೆ. ಎಷ್ಟು ಎಣಿಸಿದರೂ ಏಳೇ ಬಂತು.

ನಿಮ್ಮ ಚೀಟಿಯಲ್ಲಿ ಎಂಟು ಎಂದಿತ್ತು. ವಯಸ್ಸಾಗಿದೆ, ಲೆಕ್ಕ ತಪ್ಪಿದ್ದಾರೆ ಎಂದುಕೊಂಡೆ. ಅಷ್ಟು ಸುಲಭವಾಗಿ. ಇಪ್ಪತ್ತು ವರ್ಷದಿಂದ ಆ ಮೆಟ್ಟಿಲ ಮೇಲೆ ಕೂತು ಉಣಿಸಿದವರ ಎಣಿಕೆಗಿಂತ ಒಂದು ವಾರದ ನನ್ನ ಪಟ್ಟಿ ಮೇಲೆನ್ನಿಸಿತು, ಯಾಕೆಂದರೆ ಅದರಲ್ಲಿ ಗೆರೆಗಳನ್ನು ಸ್ಕೇಲಿಟ್ಟು ಎಳೆದಿದ್ದೆ. ಬೂದು ಪಟ್ಟೆಯ ಬೆಕ್ಕು ಬೆಳಿಗ್ಗೆ ಮುಂದಿನ ಮೆಟ್ಟಿಲಿಗೆ ಬರುತ್ತಿತ್ತು, ಸಂಜೆ ಹಿಂದಿನ ಮೆಟ್ಟಿಲಿಗೆ ಬರುತ್ತಿತ್ತು. ಎರಡು ಹೊತ್ತೂ ಬರುವ ಒಂದೇ ಬೆಕ್ಕು ಎಂದು ಬರೆದುಕೊಂಡೆ. ಬೆಳಗಿನ ಪಟ್ಟೆ ಬೇಸಿಗೆಯಲ್ಲಿ ಹಾಕಿದ ಮರಿಗಳು ದೊಡ್ಡವಾಗಿ ಬೇರೆ ಬೇರೆ ಮನೆಗೆ ಹೋಗಿದ್ದವಲ್ಲ, ಅದಕ್ಕೆ ಪಟ್ಟಿಯ ಆ ಮನೆಯಲ್ಲಿ ಮರಿ ಇಲ್ಲ, ಹಿಡಿಯಬಹುದು ಎಂದು ತುಂಬಿದೆ.

ಜನವರಿಯ ಕೊನೆಯ ವಾರ ಹಿಡಿದೆವು. ಮೊದಲ ಎರಡು ದಿನ ನಗುವ ಹಾಗೇ ನಡೆಯಿತು. ನೀವು ದೊಡ್ಡಪ್ಪ ಎಂದು ಕರೆಯುವ ಆ ದಪ್ಪ ಗಂಡು ತಾನಾಗಿ ಬೋನಿನೊಳಗೆ ನಡೆದು, ಮೀನೆಲ್ಲ ತಿಂದು, ಬಾಗಿಲು ಬಿದ್ದ ಸದ್ದಿಗೆ ತಲೆಯನ್ನೂ ಎತ್ತದೆ ಅಲ್ಲೇ ಮಲಗಿತು. ಮೊಂಡಬಾಲದ್ದು ಎಲ್ಲರನ್ನೂ ಎರಡು ಗಂಟೆ ಕಾಯಿಸಿತು. ನಿಮ್ಮ ಮಗ ಹೆಲ್ಮೆಟ್ ಹಾಕಿಕೊಂಡು ಬೋನು ಎತ್ತಿದ್ದನ್ನು ನೋಡಿ ಕಾರ್ಯದರ್ಶಿಯ ಹೆಂಡತಿ ಬಾಲ್ಕನಿಯಲ್ಲಿ ಬಿದ್ದು ಬಿದ್ದು ನಕ್ಕರು. ಪಟ್ಟೆ ಸಿಕ್ಕಿದ್ದು ಗುರುವಾರ ಬೆಳಿಗ್ಗೆ, ಹಿಂದಿನ ಮೆಟ್ಟಿಲ ಬಳಿ. ಅದು ಉಳಿದವುಗಳ ಹಾಗೆ ಇರಲಿಲ್ಲ. ಬೋನಿನ ಒಂದೇ ಮೂಲೆಗೆ, ಹಿತ್ತಲಿನ ಕಡೆಯ ಮೂಲೆಗೆ, ಮತ್ತೆ ಮತ್ತೆ ಮೂತಿ ಹೊಡೆದುಕೊಳ್ಳುತ್ತಿತ್ತು. ಮೂಗಿನ ಮೇಲೆ ರಕ್ತ ಕಂಡಿತು. ಬೆಡ್‌ಶೀಟ್ ಹೊದಿಸಿದೆ. ಸುಮ್ಮನಾಗಲಿಲ್ಲ. ಇನ್ನೊಂದು ಬೆಡ್‌ಶೀಟ್ ಹೊದಿಸಿದೆ.

ನಾನು ಬರೆಯದೆ ಬಿಡಲಿದ್ದ ಮಾತುಕತೆ ಇಲ್ಲಿ ಬರುತ್ತದೆ. ಪ್ರಾಣಿ ಆಸ್ಪತ್ರೆಯಲ್ಲಿ ಅವತ್ತು ಹನ್ನೊಂದು ಬೆಕ್ಕುಗಳಿದ್ದವು, ಒಬ್ಬರೇ ಡಾಕ್ಟರು. ಅವರು ಶೀಟು ಸರಿಸಿ ಬಗ್ಗಿ ನೋಡಿ, "ಇದಕ್ಕೆ ಹಾಲಿದೆಯಲ್ಲ. ಮರಿ ಎಲ್ಲಿವೆ?" ಎಂದು ಕೇಳಿದರು. ಮರಿಗಳು ದೊಡ್ಡವಾಗಿ ಹೋಗಿವೆ, ಉಳಿದ ಹಾಲಿರಬೇಕು ಎಂದೆ. "ಗ್ಯಾರಂಟಿನಾ? ಡೌಟ್ ಇದ್ರೆ ಈಗಲೇ ತಗೊಂಡ್ಹೋಗಿ ಬಿಟ್ಬಿಡಿ, ಮುಂದಿನ ತಿಂಗಳು ನೋಡೋಣ" ಎಂದರು. ಅತ್ತೆ, ಆಗ ನನಗೆ ಫ್ರಿಡ್ಜಿನ ಮೇಲಿನ ಚೀಟಿ ಕಣ್ಣಿಗೆ ಕಟ್ಟಿತು. ಎಂಟು ಎಂಬ ನಿಮ್ಮ ಅಕ್ಷರ ಕಂಡಿತು. ಎರಡಿದ್ದರೆ? ಎಂದು ಪೂರ್ತಿಯಾಗಿ, ಮಾತಿನ ರೂಪದಲ್ಲೇ, ತಲೆಗೆ ಬಂತು. ಅದರ ಜೊತೆಗೇ, ಹತ್ತು ಗಂಟೆಗೆ ಲ್ಯಾಬಿನಲ್ಲಿರಬೇಕು, ಭಾನುವಾರದೊಳಗೆ ಬೋನು ವಾಪಸು ಕೊಡಬೇಕು, ಇವತ್ತಿಗೆ ಈ ಕೆಲಸ ಮುಗಿದರೆ ಸಾಕು ಎಂಬುದೂ ಬಂತು. "ಗ್ಯಾರಂಟಿ" ಎಂದೆ. ಅವರು ಬೋನನ್ನು ಒಳಗೆ ಕೊಂಡೊಯ್ದರು. ನಾನು ಬಸ್ಸು ಹಿಡಿದೆ.

ಲ್ಯಾಬಿನಲ್ಲಿ ನಮಗೊಂದು ನಿಯಮವಿದೆ. ರಕ್ತ ತೆಗೆಯುವ ಮೊದಲು ಎದುರು ಕೂತವರ ಹೆಸರನ್ನು ಅವರ ಬಾಯಿಂದಲೇ ಹೇಳಿಸಬೇಕು. ದಿನಾ ಬರುವವರಾಗಲಿ, ಪಕ್ಕದ ಮನೆಯವರಾಗಲಿ, ಕೇಳಲೇಬೇಕು. ಹತ್ತೊಂಬತ್ತು ವರ್ಷದಲ್ಲಿ ಒಂದು ಟ್ಯೂಬಿಗೂ ನಾನು ತಪ್ಪು ಹೆಸರು ಅಂಟಿಸಿಲ್ಲ. ನಿಮ್ಮ ಮಗನ ಸಕ್ಕರೆ ಪರೀಕ್ಷೆಗೂ "ನಿಮ್ಮ ಹೆಸರು ಹೇಳಿ" ಎಂದು ಕೇಳಿದವಳು ಎಂದು ನೀವೇ ಎಲ್ಲರಿಗೂ ಹೇಳಿಕೊಂಡು ನಗುತ್ತಿದ್ದಿರಿ. ಅವತ್ತೂ ಹತ್ತರಿಂದ ಎರಡರ ತನಕ ಮೂವತ್ತೊಂದು ಜನರನ್ನು ಹೆಸರು ಕೇಳಿದೆ.

ಹೆಣ್ಣು ಬೆಕ್ಕುಗಳನ್ನು ಎರಡು ದಿನ ಆಸ್ಪತ್ರೆಯಲ್ಲೇ ಇಟ್ಟುಕೊಳ್ಳುತ್ತಾರೆ. ಆಪರೇಷನ್ ಆದ ಗುರುತಿಗೆ, ಮಂಪರು ಇಳಿಯುವ ಮೊದಲೇ ಎಡಗಿವಿಯ ತುದಿಯನ್ನು ಒಂದಿಷ್ಟು ಕತ್ತರಿಸಿರುತ್ತಾರೆ. ಶನಿವಾರ ಬೆಳಿಗ್ಗೆ ಆರಕ್ಕೆ ನಾನು ಮುಂದಿನ ಮೆಟ್ಟಿಲ ಮೇಲೆ ತಟ್ಟೆ ಇಟ್ಟೆ. ದೊಡ್ಡಪ್ಪ ಬಂತು, ಕರಿಯದು ಬಂತು. ಆಮೇಲೆ ಗೋಡೆಯಿಂದ ಪಟ್ಟೆ ಇಳಿದು ಬಂದು ತಟ್ಟೆಗೆ ಬಾಯಿ ಹಾಕಿತು. ಅದರ ಎರಡು ಕಿವಿಯೂ ಪೂರ್ತಿ ಇದ್ದವು. ಹಲ್ಲುಜ್ಜುತ್ತ ಹೊರಗೆ ಬಂದ ನಿಮ್ಮ ಮೊಮ್ಮಗಳನ್ನು ಕೇಳಿದೆ. "ಪಟ್ಟೆ ಎರಡಿವೆಯಲ್ಲಮ್ಮಾ, ಅಕ್ಕತಂಗಿ. ಸಂಜೆ ಬರೋದಕ್ಕೆ ಬಾಲದ ತುದಿ ಬೆಳ್ಳಗಿದೆ. ನಿಂಗೆ ಗೊತ್ತಿಲ್ಲ ಅಂತ ನಂಗೆ ಗೊತ್ತಿರ್ಲಿಲ್ಲ" ಎಂದಳು.

ಡಾಕ್ಟರಿಗೆ ಫೋನ್ ಮಾಡಿದೆ. ಅವರು ಬೈಯಲಿಲ್ಲ. ಈಗಲೇ ಬಂದು ಕರೆದುಕೊಂಡು ಹೋಗಿ, ನೀವು ಹುಡುಕಬೇಡಿ, ಬಿಟ್ಟರೆ ಅದೇ ದಾರಿ ತೋರಿಸುತ್ತೆ ಎಂದರು. ನಿಮ್ಮ ಮಗ ಗಾಡಿ ಓಡಿಸಿದರು, ನಾನು ಬೋನನ್ನು ತೊಡೆಯ ಮೇಲೆ ಇಟ್ಟುಕೊಂಡು ಹಿಂದೆ ಕೂತೆ. ದಾರಿಯುದ್ದಕ್ಕೂ ಸೀನಿದೆ. ಹಿತ್ತಲಿನಲ್ಲಿ ಬೋನಿನ ಬಾಗಿಲು ಎತ್ತಿದ ಕೂಡಲೇ ಅದು ನೆಟ್ಟಗೆ ಪಂಪ್ ರೂಮಿಗೆ ಓಡಿತು. ಅಲ್ಲಿ ಗೋಡೆಯ ಬುಡದಲ್ಲಿ ಪೈಪು ಹೋಗುವ ಒಂದು ಕಿಂಡಿ ಇದೆ. ಕಿಂಡಿಗೆ ಇಟ್ಟಿಗೆ ಇಟ್ಟಿತ್ತು. ಬೆಕ್ಕುಗಳು ಅಡಗಿಕೊಂಡರೆ ಬೋನಿಗೆ ಬರುವುದಿಲ್ಲ, ಸಂದುಗೊಂದುಗಳನ್ನೆಲ್ಲ ಮುಚ್ಚು ಎಂದು ವಾಚ್‌ಮನ್‌ಗೆ ಹೇಳಿದ್ದವಳು ನಾನೇ. ಅವನು ಗುರುವಾರ ಮಧ್ಯಾಹ್ನ ಮುಚ್ಚಿದ್ದನಂತೆ. ಬೆಕ್ಕು ಇಟ್ಟಿಗೆಯನ್ನು ಕೆರೆಯುತ್ತಿತ್ತು, ಹೊಲಿಗೆ ಹಾಕಿದ ಹೊಟ್ಟೆಯನ್ನು ನೆಲಕ್ಕೆ ಒತ್ತಿಕೊಂಡು. ವಾಚ್‌ಮನ್ ಓಡಿ ಬಂದು ಇಟ್ಟಿಗೆ ತೆಗೆದ.

ಅದು ಒಳಗೆ ಹೋಯಿತು. ನಾವು ಮೂವರೂ ದೂರ ನಿಂತೆವು. ಸ್ವಲ್ಪ ಹೊತ್ತಿಗೆ ಒಂದು ಮರಿಯನ್ನು ಕಚ್ಚಿಕೊಂಡು ಹೊರಗೆ ಬಂದು ನೆಲದ ಮೇಲೆ ಇಟ್ಟಿತು. ಮರಿಯ ಕಾಲು ಆಡುತ್ತಿತ್ತು. ಬೆಕ್ಕು ಮತ್ತೆ ಒಳಗೆ ಹೋಗಿ ಬರಿ ಬಾಯಲ್ಲಿ ಹೊರಗೆ ಬಂತು. ಇನ್ನೊಂದು ಸಲ ಹೋಗಿ ಬಂತು, ಆಗಲೂ ಬಾಯಲ್ಲಿ ಏನೂ ಇರಲಿಲ್ಲ. ಆಮೇಲೆ ಆ ಒಂದು ಮರಿಯನ್ನು ಎತ್ತಿಕೊಂಡು ನೀರಿನ ತೊಟ್ಟಿಯ ಮೇಲೆ ಹತ್ತಿ, ಗೋಡೆ ಹಾರಿ, ಹಿಂದಿನ ಬೀದಿಯ ಕಡೆಗೆ ಹೋಯಿತು. ನಮ್ಮ ಕಡೆ ತಿರುಗಿಯೂ ನೋಡಲಿಲ್ಲ. ನೋಡಿತು ಎಂದು ಬರೆದರೆ ನನಗೆ ಸಮಾಧಾನವಾಗುತ್ತಿತ್ತೇನೋ.

ಒಳಗಿದ್ದ ಮೂರನ್ನು ನಾನೇ ತೆಗೆದೆ. ಲ್ಯಾಬಿನ ಕೈಗವಸು ಹಾಕಿಕೊಂಡಿದ್ದೆ, ಆಮೇಲೆ ಯಾಕೋ ಕಳಚಿದೆ. ಕಣ್ಣು ಬಿಟ್ಟು ನಾಲ್ಕೈದು ದಿನವಾಗಿದ್ದಿರಬೇಕು. ಒಂದರ ಮೇಲೊಂದು ಒತ್ತಿಕೊಂಡು ಮಲಗಿದ್ದವು. ಹಿಂದಿನ ಗೋಡೆಯ ಬದಿಗೆ ವಾಚ್‌ಮನ್ ಗುಂಡಿ ತೋಡಿದ. ನಿಮ್ಮ ಮೊಮ್ಮಗಳು ತನ್ನ ಹಳೆಯ ಶಾಲೆಯ ಶರ್ಟನ್ನು ತಂದು ಕೊಟ್ಟಳು. ಅವಳು ಎರಡು ದಿನ ನನ್ನೊಂದಿಗೆ ಮಾತಾಡಲಿಲ್ಲ. "ನೀವು ಬೇಕಂತ ಮಾಡಿದ್ದಲ್ಲವಲ್ಲಮ್ಮಾ" ಎಂದ ವಾಚ್‌ಮನ್. ಅವನಿಗೆ ಡಾಕ್ಟರು ಕೇಳಿದ್ದು ಗೊತ್ತಿರಲಿಲ್ಲ. ನಿಮ್ಮ ಮಗನಿಗೂ ಗೊತ್ತಿರಲಿಲ್ಲ, ಹೋದ ವಾರ ಹೇಳಿದೆ. ನಾನು ಬೇಕೆಂದು ಮಾಡಲಿಲ್ಲ ನಿಜ. ಆದರೆ ನನ್ನದೇ ಮಗುವಿನ ವಿಷಯವಾಗಿದ್ದರೆ ಗ್ಯಾರಂಟಿ ಎನ್ನುವ ಮೊದಲು ಮನೆಗೆ ಬಂದು ನೋಡುತ್ತಿದ್ದೆ. ಬೆಕ್ಕು ತಾನೇ ಎಂಬುದು ನನ್ನೊಳಗೆ ಎಲ್ಲೋ ಇತ್ತು. ನಿಮ್ಮ ಬೆಕ್ಕು ತಾನೇ ಎಂಬುದೂ ಇತ್ತೇ? ಇದನ್ನು ಐದು ವಾರದಿಂದ ಕೇಳಿಕೊಳ್ಳುತ್ತಿದ್ದೇನೆ. ಒಮ್ಮೊಮ್ಮೆ ಇತ್ತು ಎನ್ನಿಸುತ್ತದೆ, ಒಮ್ಮೊಮ್ಮೆ ಬರೀ ಬಸ್ಸಿನ ಅವಸರ ಎನ್ನಿಸುತ್ತದೆ. ಯಾವುದನ್ನು ಒಪ್ಪಿಕೊಂಡರೆ ಕಡಿಮೆ ನಾಚಿಕೆ ಎಂದು ನೋಡುತ್ತಿದ್ದೇನೆಯೋ ಏನೋ.

ಅದಾದ ಮೇಲೆ ಆ ಪಟ್ಟೆ ನಮ್ಮ ಹಿತ್ತಲಿಗೆ ಬಂದಿಲ್ಲ. ನಾನು ಹಿಂದಿನ ಬೀದಿಯಲ್ಲಿ ಮನೆಮನೆಗೂ ಹೋಗಿ ಕೇಳಿದೆ. ಬೋನಮ್ಮನೂ ಜೊತೆಗೆ ಬಂದರು. ಅವರು ಬೈಯುತ್ತಾರೆಂದುಕೊಂಡಿದ್ದೆ. "ನಾನೂ ಒಂದು ಸಲ ಹೀಗೆ ಮಾಡಿದೀನಿ. ಅದಕ್ಕೇ ಎರಡು ಸಲ ಹೇಳೋದು" ಎಂದಷ್ಟೇ ಹೇಳಿದರು. ಗ್ಯಾರೇಜಿನವರು ಕಿವಿ ಕತ್ತರಿಸಿದ ಒಂದು ಬೆಕ್ಕನ್ನು ಟಯರುಗಳ ನಡುವೆ ನೋಡಿದ್ದಾರಂತೆ. ಜೊತೆಗೆ ಮರಿ ಇತ್ತೇ ಎಂದರೆ, ಗಮನಿಸಲಿಲ್ಲ ಎಂದರು. ನಾನು ಈಗಲೂ ಕೆಲಸದಿಂದ ಬರುವಾಗ ಆ ದಾರಿಯಲ್ಲೇ ಬರುತ್ತೇನೆ. ಆ ಒಂದು ಮರಿ ಬದುಕಿದೆಯೋ ಇಲ್ಲವೋ ನನಗೆ ಗೊತ್ತಿಲ್ಲ, ಇದೆ ಎಂದು ನಿಮಗೆ ಹೇಳುವ ಹಾಗಿಲ್ಲ.

ಉಳಿದವು ಚೆನ್ನಾಗಿವೆ. ಇದು ನಿಜ, ಬೇಕಾದರೆ ಮೊಮ್ಮಗಳನ್ನು ಕೇಳಿ. ಅರಚಾಟ ನಿಂತಿದೆ. ದೊಡ್ಡಪ್ಪ ಇನ್ನೂ ದಪ್ಪಗಾಗಿ ಕಾರ್ಯದರ್ಶಿಯ ಕಾರಿನ ಮೇಲೆ ಮಲಗುತ್ತದೆ. ಅವರು ಕಾರು ತೆಗೆಯುವ ಮೊದಲು "ಏಳಪ್ಪಾ ಸಾಹೇಬ" ಎಂದು ಕೈಮುಗಿಯುತ್ತಾರೆ. ಹೂಕುಂಡಗಳಿಗೆ ಜಲ್ಲಿ ಹರಡಿಕೊಟ್ಟೆ, ಮೂಲೆಯಲ್ಲಿ ಒಂದು ಮರಳಿನ ತೊಟ್ಟಿ ಇಟ್ಟು ದಿನಾ ನಾನೇ ತೆಗೆಯುತ್ತೇನೆ. ಗೋಣಿಚೀಲದ ಮಾತನ್ನು ಈಗ ಯಾರೂ ಆಡುವುದಿಲ್ಲ. ನಾನು ಮಾಡಿಸಿದ ಕೆಲಸದಿಂದ ಒಳ್ಳೆಯದೇ ಆಯಿತು ಎಂದು ಸಭೆಯಲ್ಲಿ ಚಪ್ಪಾಳೆ ತಟ್ಟಿದರು. ಬೆಳಗಿನ ಪಟ್ಟೆಗೆ ಮಾತ್ರ ಇನ್ನೂ ಆಪರೇಷನ್ ಆಗಿಲ್ಲ. ನೀವು ಬೇಡವೆಂದರೆ ಮಾಡಿಸುವುದಿಲ್ಲ, ಸಂಘದವರ ಜೊತೆ ನಾನು ಮಾತಾಡಿಕೊಳ್ಳುತ್ತೇನೆ.

ಇಷ್ಟು ಓದಿದ ಮೇಲೆ ನನ್ನ ಮೇಲೆ ನಿಮಗೆ ಬರುವ ಸಿಟ್ಟನ್ನು ಕಡಿಮೆ ಮಾಡುವಂಥ ಮಾತು ನನ್ನ ಬಳಿ ಇಲ್ಲ. ಕಾಗದದಲ್ಲಿ ಬೈದರೆ ಓದಿಕೊಳ್ಳುತ್ತೇನೆ. ಬರೆಯದೇ ಇದ್ದರೂ ಪ್ರತಿ ಭಾನುವಾರ ನಾನು ಬರೆಯುತ್ತೇನೆ. ಹೊದಿಕೆ ಸರಿಯಾಗಿ ಹೊದ್ದುಕೊಳ್ಳಿ, ನೋವಿನ ಮಾತ್ರೆಯನ್ನು ಹಟಕ್ಕೆ ಬಿದ್ದು ಬಿಡಬೇಡಿ. ನಿಮ್ಮ ಮಗ, ಮೊಮ್ಮಗಳು ನಿಮ್ಮನ್ನು ದಿನಾ ನೆನೆಯುತ್ತಾರೆ. ನಿಮ್ಮ ಮಗಳಿಗೂ ಅಳಿಯನಿಗೂ ನನ್ನ ನಮಸ್ಕಾರ ಹೇಳಿ.

ನಿಮ್ಮ ಸೊಸೆ

ಮ.ಸೂ.: ಮುಗಿಸಿ ಮಡಿಸಿದ್ದನ್ನು ಮತ್ತೆ ಬಿಚ್ಚಿ ಬರೆಯುತ್ತಿದ್ದೇನೆ. ನವೆಂಬರಿನಲ್ಲಿ ಸೊಂಟ ಮುರಿದಾಗ ಹಾಕಿದ ಸರಳಿನಿಂದ ಮೂಳೆ ಕೂಡಲಿಲ್ಲ, ಕೀಲನ್ನೇ ಬದಲಾಯಿಸಬೇಕು ಎಂದು ಡಾಕ್ಟರು ಹೇಳಿದಾಗ ನೀವು ಒಂದು ತಿಂಗಳು ಒಪ್ಪಿರಲಿಲ್ಲ. ನಾಲ್ಕು ಮರಿಗಳ ನನ್ನ ಸುಳ್ಳು ತಲುಪಿದ ಮೇಲೆ ಒಪ್ಪಿದಿರಿ. "ಅವು ಮೆಟ್ಟಿಲು ಹತ್ತೋ ಹೊತ್ತಿಗೆ ನಾನೂ ಹತ್ತುತೀನಿ, ಆಪರೇಷನ್ ಮಾಡಿಸಿಕೊಳ್ತೀನಿ ಅಂತ ಹೇಳು" ಎಂದು ನೀವು ಬರೆದ ಕಾಗದವನ್ನು ಓದಿ ಈ ಮನೆಯಲ್ಲಿ ಎಲ್ಲರೂ ಸಂತೋಷಪಟ್ಟರು. ನಾನು ಬಚ್ಚಲುಮನೆಗೆ ಹೋಗಿ ಬಾಗಿಲು ಹಾಕಿಕೊಂಡೆ. ಹತ್ತೊಂಬತ್ತನೇ ತಾರೀಖು ಆಪರೇಷನ್. ಅದು ಮುಗಿದ ಮೇಲೆ ಈ ಕಾಗದ ಹಾಕು, ಈಗ ಹಾಕಿದರೆ ಅಮ್ಮ ಬೇಡವೆಂದು ಕೂತುಬಿಡುತ್ತಾರೆ, ಆಮೇಲೆ ಜನ್ಮದಲ್ಲಿ ನಡೆಯುವುದಿಲ್ಲ ಎಂದು ನಿಮ್ಮ ಮಗ ನಿನ್ನೆಯಿಂದ ಹೇಳುತ್ತಿದ್ದಾರೆ. ಅವರು ಹೇಳುವುದು ತಪ್ಪೆಂದು ನನಗೆ ಅನ್ನಿಸುವುದಿಲ್ಲ. ನನಗೂ ಅದೇ ಭಯ. ನೀವು ಆಪರೇಷನ್ ಮಾಡಿಸಿಕೊಳ್ಳಬೇಕು, ನಡೆಯಬೇಕು, ಇಲ್ಲಿಗೆ ಬಂದು ನನ್ನನ್ನು ಎದುರಿಗೇ ಬೈಯಬೇಕು ಎಂಬುದು ನನ್ನ ಆಸೆ. ಆದರೆ ನೀವು ಒಪ್ಪಿದ್ದು ಇಲ್ಲದ ಮರಿಗಳನ್ನು ನಂಬಿ. ಎಚ್ಚರವಾದಾಗ ಮುಗಿದಿತ್ತು ಎಂದು ಇನ್ನೊಂದು ಸಲ ನೀವು ಹೇಳುವ ಹಾಗಾಗಬಾರದು. ಬೇಡವೆಂದರೂ ನಿಮ್ಮದೇ ಮಾತು, ಬೇಕೆಂದರೂ ನಿಮ್ಮದೇ. ಅಲ್ಲಿಗೆ ತಲುಪಲು ಮೂರು ದಿನ, ಹೆಚ್ಚೆಂದರೆ ನಾಲ್ಕು. ಯೋಚಿಸಲು ನಿಮಗೆ ಆರು ದಿನವಾದರೂ ಉಳಿಯುತ್ತದೆ. ಲ್ಯಾಬಿಗೆ ಹೋಗುವ ದಾರಿಯಲ್ಲಿ, ನಾಳೆ, ಸೋಮವಾರ, ಮಾರ್ಚ್ ಒಂಬತ್ತರಂದು, ಇದನ್ನು ಅಂಚೆಗೆ ಹಾಕುತ್ತೇನೆ.